ಪಿಎಸ್‌ಎ ಮತ್ತೆ ಏರಿದರೆ ಯಾವ ಸ್ಕ್ಯಾನ್, ಯಾವಾಗ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಿಗೊಂದು ಮಾರ್ಗದರ್ಶಿ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದು ಕೆಲವು ವರ್ಷ ಆರಾಮಾಗಿದ್ದವರ ಪಿಎಸ್‌ಎ ಮತ್ತೆ ಏರಿದರೆ ಮನೆಯವರಿಗೆಲ್ಲ ದಿಗಿಲಾಗುತ್ತದೆ. ಪಿಎಸ್‌ಎ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್, ಅದನ್ನು ರಕ್ತ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಎಲ್ಲ ಸ್ಕ್ಯಾನ್ ಒಮ್ಮೆಲೇ ಮಾಡಿಸಿಬಿಡೋಣ ಅನಿಸುತ್ತದೆ. ಅಥಣಿಯವರು ಮೀರಜ್‌ಗೆ ಓಡುತ್ತಾರೆ. ಇಂಡಿ, ಸಿಂದಗಿಯವರು ಸೊಲ್ಲಾಪುರಕ್ಕೆ. ಜಮಖಂಡಿ, ಮುಧೋಳದವರು ಬೆಳಗಾವಿಗೋ ಹುಬ್ಬಳ್ಳಿಗೋ. ರೊಕ್ಕ ಖರ್ಚಾಗುತ್ತದೆ, ಕೈಯಲ್ಲಿ ದೊಡ್ಡ ಲಕೋಟೆ ಬರುತ್ತದೆ. ಡಾಕ್ಟರಿಗೆ ಬೇಕಾದ ಉತ್ತರ ಮಾತ್ರ ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ.

ಯಾಕೆಂದರೆ ಒಂದೊಂದು ಸ್ಕ್ಯಾನ್ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕಾಯಿಲೆ ಮರಳಿದೆಯೇ? ಮರಳಿದ್ದರೆ ಎಲ್ಲಿದೆ? ಮೂತ್ರ ಕಟ್ಟುತ್ತಿರುವುದು ಅದರಿಂದಲೇ, ಹಳೆಯ ಆಪರೇಷನ್ ಗಾಯದಿಂದಲೇ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಯಾವುದಕ್ಕೆ ಉತ್ತರ ಬೇಕು ಎಂದು ನಿಮ್ಮ ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಅಥವಾ ಕ್ಯಾನ್ಸರ್ ಡಾಕ್ಟರ್ ಹತ್ತಿರ ಮೊದಲು ಕೇಳಿಕೊಳ್ಳಿ. ಯಾವ ಊರಿಗೆ ಹೋಗಬೇಕು ಅನ್ನುವುದು ಆಮೇಲಿನ ಮಾತು.

ಎಲ್ಲಕ್ಕಿಂತ ಮೊದಲು ಇದನ್ನು ಓದಿ

ಬೆನ್ನು ನೋವಿನ ಜೊತೆಗೆ ಕಾಲಿನ ಶಕ್ತಿ ಕುಂದುವುದು, ಕಾಲು ಮರಗಟ್ಟುವುದು, ಮಲ ಮೂತ್ರದ ಹಿಡಿತ ಒಮ್ಮೆಲೇ ತಪ್ಪುವುದು. ಇವು ಕಂಡರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದೇ ದಿನ ಇಡೀ ಬೆನ್ನುಮೂಳೆಯ ಎಂಆರ್‌ಐ ಆಗಬೇಕು. ಕಾಲು ಪೂರ್ತಿ ಬಿದ್ದುಹೋದ ಮೇಲೆ ಮತ್ತೆ ನಡೆಯುವ ಸಾಧ್ಯತೆ ಬಹಳ ಕಡಿಮೆ. "ಎಣ್ಣಿ ಹಚ್ಚಿ ನೋಡೂಣು, ಸೋಮವಾರ ಹೋಗೂಣು" ಎಂದು ದಯವಿಟ್ಟು ತಡ ಮಾಡಬೇಡಿ.

ಮೂತ್ರ ಪೂರ್ತಿ ಕಟ್ಟಿ ಕೆಳಹೊಟ್ಟೆ ಉಬ್ಬಿದರೆ, ಪಕ್ಕೆ ನೋವಿನ ಜೊತೆ ಚಳಿ ಜ್ವರ ಬಂದರೆ, ರಕ್ತದ ಗಡ್ಡೆ ಬಂದು ಮೂತ್ರ ನಿಂತರೆ ಹತ್ತಿರದ ದೊಡ್ಡ ದವಾಖಾನೆಗೆ ಹೋಗಿ. ಇಂಥ ಹೊತ್ತಿನಲ್ಲಿ ದೂರದ ಊರಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಹೆಜ್ಜೆ 1: ನಂಬರ್ ಸರಿಯಾಗಿ ಓದಿ

ಲ್ಯಾಬ್ ರಿಪೋರ್ಟಿನಲ್ಲಿ ಪಿಎಸ್‌ಎ ಮುಂದೆ "0ರಿಂದ 4 ನಾರ್ಮಲ್" ಎಂದು ಅಚ್ಚಾಗಿರುತ್ತದೆ. ಆ ಲೆಕ್ಕ ಚಿಕಿತ್ಸೆ ಆಗದವರದ್ದು. ಕ್ಯಾನ್ಸರ್‌ಗೆಂದು ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಿಗೆ ಅದು ಅನ್ವಯಿಸುವುದಿಲ್ಲ. ಅವರ ಪಿಎಸ್‌ಎ ಆಪರೇಷನ್ ಆಗಿ ಆರು ವಾರಕ್ಕೆಲ್ಲ ಸೊನ್ನೆಯ ಹತ್ತಿರ ಇಳಿದಿರಬೇಕು. ಆಮೇಲೆ ಅದು 0.2 ತಲುಪಿ, ಎರಡನೇ ಪರೀಕ್ಷೆಯಲ್ಲೂ ಹಾಗೇ ಬಂದರೆ ಕಾಯಿಲೆ ಮರಳಿದೆ ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. 1.8 ಬಂದಿರುವುದನ್ನು ನೋಡಿ "ನಾಲ್ಕರ ಒಳಗೇ ಇದೆ, ಆರಾಮ್" ಎಂದು ಮನೆಗೆ ಹೋದವರು ಅಮೂಲ್ಯವಾದ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಡಿ.

ರೇಡಿಯೇಷನ್, ಅಂದರೆ ಕರೆಂಟ್ ಕೊಡಿಸಿಕೊಂಡವರ ಲೆಕ್ಕ ಬೇರೆ. ಅವರ ಗ್ರಂಥಿ ಒಳಗೇ ಇರುತ್ತದೆ. ಪಿಎಸ್‌ಎ ನಿಧಾನವಾಗಿ ಇಳಿಯುತ್ತದೆ, ಸೊನ್ನೆ ಆಗಬೇಕೆಂದಿಲ್ಲ. ಇಳಿದ ಅತಿ ಕಡಿಮೆ ನಂಬರಿಗಿಂತ 2 ಜಾಸ್ತಿಯಾದರೆ ಮರಳಿಕೆ ಎನ್ನುತ್ತಾರೆ. ಅತಿ ಕಡಿಮೆ 0.5 ಇತ್ತು ಅಂದುಕೊಳ್ಳಿ, ಆಗ ಗಡಿ 2.5. ಕರೆಂಟ್ ಮುಗಿದ ಮೊದಲ ಎರಡು ಮೂರು ವರ್ಷಗಳಲ್ಲಿ ಕೆಲವರಿಗೆ ಪಿಎಸ್‌ಎ ಸುಮ್ನೆ ಒಮ್ಮೆ ಏರಿ ತಾನೇ ಇಳಿಯುವುದೂ ಉಂಟು. ಹಾಗಾಗಿ ಒಂದೇ ರಿಪೋರ್ಟ್ ಹಿಡಿದು ಸ್ಕ್ಯಾನ್‌ಗೆ ಓಡಬೇಡಿ.

ಇನ್ನೊಂದು ಗೊಂದಲ ಇದೆ. ಹಳ್ಳಿ ಕಡೆ "ಪ್ರಾಸ್ಟೇಟ್ ಆಪರೇಷನ್ ಆಗೇತಿ" ಎಂದರೆ ಹೆಚ್ಚಿನ ಸಲ ಅದು ಟಿಯುಆರ್‌ಪಿ ಆಗಿರುತ್ತದೆ. ಮೂತ್ರದ ದಾರಿ ಬಿಡಿಸಲು ಗ್ರಂಥಿಯ ಒಳಭಾಗವನ್ನಷ್ಟೇ ಕೆರೆದು ತೆಗೆಯುವ ಆಪರೇಷನ್ ಅದು. ಉಳಿದ ಗ್ರಂಥಿ ಪಿಎಸ್‌ಎ ಮಾಡುತ್ತಲೇ ಇರುತ್ತದೆ. ಅಂಥವರಿಗೆ 0.2ರ ಲೆಕ್ಕ ಇಲ್ಲ. ಯಾವ ಆಪರೇಷನ್ ಆಗಿದೆ ಎಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ನೋಡಿ.

ಪರೀಕ್ಷೆಯನ್ನು ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಯಂತ್ರ ಬದಲಾದರೆ ಸಣ್ಣ ನಂಬರುಗಳು ಅತ್ತಿತ್ತ ಆಗುತ್ತವೆ. ಏರುವ ವೇಗವೂ ಮುಖ್ಯ. 0.2 ಇದ್ದದ್ದು ನಾಲ್ಕು ತಿಂಗಳಲ್ಲಿ 0.4 ಆಯಿತೋ, ಎರಡು ವರ್ಷದಲ್ಲಿ ಆಯಿತೋ? ಮೊದಲನೆಯದಕ್ಕೆ ಅವಸರ ಬೇಕು. ಎರಡನೆಯದರಲ್ಲಿ ಯೋಚಿಸಲು ಸಮಯ ಇದೆ.

ಹೆಜ್ಜೆ 2: ಹಳೆಯ ಕಾಗದ ಜೋಡಿಸಿ

ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಎಲ್ಲ ಪಿಎಸ್‌ಎ ಬರೆಯಿರಿ. ಅದರ ಜೊತೆ ಬಯಾಪ್ಸಿ ರಿಪೋರ್ಟ್, ಗ್ಲೀಸನ್ ಸ್ಕೋರ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ), ಆಪರೇಷನ್ ನಂತರದ ಪೆಥಾಲಜಿ ರಿಪೋರ್ಟ್, ಕರೆಂಟ್ ಕೊಟ್ಟ ವಿವರ, ಹಾರ್ಮೋನ್ ಇಂಜೆಕ್ಷನ್ ಹಾಕಿಸಿದ ತಾರೀಖುಗಳು ಇರಲಿ. ಹಾರ್ಮೋನ್ ಇಂಜೆಕ್ಷನ್ ಪಿಎಸ್‌ಎಯನ್ನು ಇಳಿಸುತ್ತದೆ, ಸ್ಕ್ಯಾನ್ ಚಿತ್ರವನ್ನೂ ಬದಲಿಸಬಲ್ಲದು. ಅದನ್ನು ಮುಚ್ಚಿಟ್ಟರೆ ರಿಪೋರ್ಟ್ ತಪ್ಪು ದಾರಿ ಹಿಡಿಯುತ್ತದೆ.

ಹಳೆಯ ಸ್ಕ್ಯಾನ್‌ಗಳ ಫಿಲ್ಮ್ ಮಾತ್ರ ಸಾಲದು. ಸಿಡಿ ಅಥವಾ ಪೆನ್ ಡ್ರೈವ್ ಕೇಳಿ ಪಡೆಯಿರಿ. ಹೊಸ ಸೆಂಟರಿನವರು ಹಳೆಯದರ ಪಕ್ಕ ಹೊಸದನ್ನಿಟ್ಟು ನೋಡಿದಾಗಲೇ ಯಾವ ಚುಕ್ಕೆ ಹಳೆಯದು, ಯಾವುದು ಹೊಸದು ಎಂದು ತಿಳಿಯುವುದು.

ಹೆಜ್ಜೆ 3: ಹಿರಿಯರ ಜೊತೆ ಒಬ್ಬರೇ ಕೂತು ಮಾತಾಡಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ "ಅಪ್ಪಾರಿಗೆ ಹೇಳಬ್ಯಾಡ್ರಿ ಡಾಕ್ಟರ್ ಸಾಹೇಬ್ರ, ಧೈರ್ಯಾ ಬಿಡ್ತಾರ" ಎಂದು ಮಗ ಬಾಗಿಲ ಹೊರಗೇ ಹೇಳಿಬಿಡುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ, ನಿಜ. ಆದರೆ ಇದರಿಂದ ಅಪ್ಪನಿಗೇ ನಷ್ಟ ಅಂತ ನನಗೆ ಖಾತ್ರಿಯಾಗಿದೆ. ಎಲ್ಲಿ ನೋವಿದೆ, ರಾತ್ರಿ ಎಷ್ಟು ಸಲ ಒಂದಕ್ಕೆ ಏಳುತ್ತಾರೆ, ಧಾರೆ ಸಣ್ಣದಾಗಿದೆಯೇ, ಬಟ್ಟೆ ಒದ್ದೆಯಾಗುತ್ತಿದೆಯೇ ಎಂದು ಹೇಳಬೇಕಾದವರು ಅವರೇ. ಯಾಕೆ ಕೇಳುತ್ತಿದ್ದಾರೆ ಎಂದು ಗೊತ್ತಿಲ್ಲದವರು "ಏನಿಲ್ಲ, ವಯಸ್ಸಾತು" ಎಂದು ಮುಗಿಸಿಬಿಡುತ್ತಾರೆ.

ಸೊಸೆಯೋ ಮಗಳೋ ಎದುರಿಗಿದ್ದರೆ ಮೂತ್ರದ ವಿಷಯ ಅವರ ಬಾಯಿಗೆ ಬರುವುದೇ ಇಲ್ಲ. ಮಗನೋ ಅಳಿಯನೋ ಅಣ್ಣತಮ್ಮಂದಿರೋ ಒಬ್ಬರೇ ಕೂತು ಕೇಳಲಿ. ಹೇಳಿದ್ದನ್ನು ಬರೆದುಕೊಂಡು ಡಾಕ್ಟರಿಗೆ ಕೊಡಲಿ. ಯಾವ ಸ್ಕ್ಯಾನ್ ಬೇಕು ಎಂದು ತೀರ್ಮಾನಿಸಲು ಈ ಚೀಟಿ ಬಹಳ ಸಹಾಯ ಮಾಡುತ್ತದೆ.

ಹೆಜ್ಜೆ 4: ಯಾವ ಸ್ಕ್ಯಾನ್ ಏನನ್ನು ತೋರಿಸುತ್ತದೆ

ಪಿಎಸ್‌ಎಂಎ ಪೆಟ್ ಸಿಟಿ. ಮರಳಿದ ಕಾಯಿಲೆ ಎಲ್ಲಿದೆ ಎಂದು ಹುಡುಕಲು ಈಗಿರುವ ಅತ್ಯಂತ ಸೂಕ್ಷ್ಮ ಸ್ಕ್ಯಾನ್ ಇದು. ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ಜಾಸ್ತಿ ಇರುತ್ತದೆ. ಅದಕ್ಕೆ ಹೋಗಿ ಅಂಟಿಕೊಳ್ಳುವ ಔಷಧಿಗೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಎಂಬ ವಿಕಿರಣ ಸೂಸುವ ಅಂಶ ಸೇರಿಸಿ ಇಂಜೆಕ್ಷನ್ ಕೊಡುತ್ತಾರೆ. ಕಾಯಿಲೆ ಇರುವ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ಎಫ್‌ಡಿಎ ಗ್ಯಾಲಿಯಂ ವಿಧಾನಕ್ಕೆ ಮೊದಲ ಒಪ್ಪಿಗೆ ಕೊಟ್ಟದ್ದು 2020ರ ಡಿಸೆಂಬರಿನಲ್ಲಿ.

ಇಲ್ಲಿ ಒಂದು ಎಚ್ಚರ. ಸುಮ್ನೆ "ಪೆಟ್ ಸ್ಕ್ಯಾನ್" ಎಂದರೆ ಸಾಮಾನ್ಯವಾಗಿ ಎಫ್‌ಡಿಜಿ ಎಂಬ ಸಕ್ಕರೆಯಂಥ ಔಷಧಿ ಹಾಕಿ ಮಾಡುವ ಸ್ಕ್ಯಾನ್. ಬೇರೆ ಬಹಳಷ್ಟು ಕ್ಯಾನ್ಸರ್‌ಗಳಿಗೆ ಅದು ಒಳ್ಳೆಯದು. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಸಕ್ಕರೆಯನ್ನು ಅಷ್ಟು ಹೀರುವುದಿಲ್ಲ. ಹಾಗಾಗಿ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು. ಡಾಕ್ಟರ್ ಚೀಟಿಯಲ್ಲಿ "ಪಿಎಸ್‌ಎಂಎ" ಎಂಬ ನಾಲ್ಕು ಅಕ್ಷರ ಇವೆಯೇ ನೋಡಿ. ಬುಕ್ ಮಾಡುವಾಗ ಅದನ್ನೇ ಹೇಳಿ.

ಪಿಎಸ್‌ಎ 0.2ರಿಂದ 0.5ರ ನಡುವೆ ಇದ್ದಾಗ ಈ ಸ್ಕ್ಯಾನ್‌ನಲ್ಲಿ ಏನಾದರೂ ಕಾಣುವುದು ಅರ್ಧದಷ್ಟು ಜನರಿಗೂ ಅಲ್ಲ. 2 ದಾಟಿದ ಮೇಲೆ ಹತ್ತರಲ್ಲಿ ಒಂಬತ್ತು ಜನರಿಗೆ ಕಾಣುತ್ತದೆ. 0.1ಕ್ಕೇ ಸ್ಕ್ಯಾನ್ ಮಾಡಿಸುವುದೆಂದರೆ ಜೋಳ ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಮೊಳಕೆ ಹುಡುಕಿದ ಹಾಗೆ. ಹಾಗೆಂದು ಚೆನ್ನಾಗಿ ಕಾಣಲಿ ಎಂದು 2 ಆಗುವವರೆಗೆ ಕಾಯುವುದೂ ತಪ್ಪು. ಆಪರೇಷನ್ ಆದವರಿಗೆ ಎರಡನೇ ಹಂತದಲ್ಲಿ ಕರೆಂಟ್ ಕೊಡುವುದಾದರೆ ಪಿಎಸ್‌ಎ 0.5ರ ಒಳಗಿರುವಾಗಲೇ ಫಲ ಹೆಚ್ಚು. ಆದ್ದರಿಂದ ಸ್ಕ್ಯಾನ್ ಖಾಲಿ ಬಂದರೂ ಡಾಕ್ಟರ್ "ಕರೆಂಟ್ ಶುರು ಮಾಡೋಣ" ಎನ್ನಬಹುದು. "ಏನೂ ಕಾಣದೇ ಇದ್ದ ಮೇಲೆ ಯಾಕ್ರಿ?" ಎಂದು ಬಹಳ ಜನ ಕೇಳುತ್ತಾರೆ. ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣ ಕಾಯಿಲೆ ಇರುವಾಗಲೇ ಹೊಡೆಯಬೇಕು ಅನ್ನುವುದೇ ಇದರ ಹಿಂದಿನ ಲೆಕ್ಕ.

ಎಂಆರ್‌ಐ. ಗ್ರಂಥಿ ಇದ್ದ ಜಾಗದಲ್ಲೇ, ಅಥವಾ ಕರೆಂಟ್ ಕೊಟ್ಟ ಗ್ರಂಥಿಯೊಳಗೇ ಮತ್ತೆ ಬೆಳೆದಿದೆಯೇ ಎಂದು ನೋಡಲು ಸೊಂಟದ ಭಾಗದ ಎಂಆರ್‌ಐ ಒಳ್ಳೆಯದು. ಪಿಎಸ್‌ಎಂಎ ಸ್ಕ್ಯಾನ್‌ಗೆ ಈ ಜಾಗವೇ ಕಷ್ಟ. ಗ್ಯಾಲಿಯಂ ಔಷಧಿ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶ ಜೋರಾಗಿ ಹೊಳೆದು ಪಕ್ಕದ ಸಣ್ಣ ಚುಕ್ಕೆಯನ್ನು ಮುಚ್ಚಿಬಿಡುತ್ತದೆ. ಪೇಸ್‌ಮೇಕರ್ ಇದ್ದರೆ, ಸೊಂಟದ ಕೀಲು ಬದಲಾಯಿಸಿದ್ದರೆ ಎಂಆರ್‌ಐ ಬುಕ್ ಮಾಡುವಾಗಲೇ ಹೇಳಬೇಕು. ಲೋಹದ ಕೀಲು ಅಕ್ಕಪಕ್ಕದ ಚಿತ್ರವನ್ನು ಹಾಳು ಮಾಡುತ್ತದೆ.

ಬೋನ್ ಸ್ಕ್ಯಾನ್. ಹಳೆಯ ವಿಧಾನ, ಖರ್ಚು ಕಡಿಮೆ. ಇಂಜೆಕ್ಷನ್ ಕೊಟ್ಟು ಸುಮಾರು ಮೂರು ತಾಸು ಬಿಟ್ಟು ಚಿತ್ರ ತೆಗೆಯುತ್ತಾರೆ. ಮೂಳೆ ನೋವಿದ್ದರೆ, ಪಿಎಸ್‌ಎ ಜಾಸ್ತಿಯಿದ್ದರೆ ಉಪಯೋಗ ಇದೆ. ನೋವಿಲ್ಲದೆ ಪಿಎಸ್‌ಎ 10ರ ಒಳಗಿದ್ದರೆ ಏನಾದರೂ ಕಾಣುವುದು ಅಪರೂಪ. ಮಂಡಿ ಸವೆತ, ಹಳೆಯ ಮುರಿತ ಕೂಡ ಇದರಲ್ಲಿ ಚುಕ್ಕೆಯಾಗಿ ಬರುತ್ತವೆ.

ಸಾಮಾನ್ಯ ಸಿಟಿ ಸ್ಕ್ಯಾನ್‌ನಿಂದ ಪಿಎಸ್‌ಎ ಕಡಿಮೆ ಇರುವಾಗ ಹೆಚ್ಚೇನೂ ತಿಳಿಯುವುದಿಲ್ಲ. ಕಿಡ್ನಿ, ಮೂತ್ರನಾಳದ ತೊಂದರೆಗೆ ಮಾತ್ರ ಅದು ಬೇಕೇ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 5: ಹೊರಡುವ ಮುನ್ನ ಫೋನ್ ಮಾಡಿ

ಸೋನೋಗ್ರಫಿ, ಎಕ್ಸ್‌ರೇ, ಸಿಟಿ ನಮ್ಮ ಜಿಲ್ಲೆಗಳಲ್ಲೇ ಆಗುತ್ತವೆ. ಬೆಳಗಾವಿಯ ಬಿಮ್ಸ್, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯ ಹಾನಗಲ್ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಹೀಗೆ ಮೆಡಿಕಲ್ ಕಾಲೇಜಿನ ದವಾಖಾನೆಗಳು ಇವೆ. ಇಷ್ಟಕ್ಕಾಗಿ ಊರು ಬಿಟ್ಟು ಊರಿಗೆ ಅಲೆಯಬೇಕಿಲ್ಲ.

ಪಿಎಸ್‌ಎಂಎ ಮಾತ್ರ ಹಾಗಲ್ಲ. ಪೆಟ್ ಯಂತ್ರ ಇದ್ದ ಕಡೆಯೆಲ್ಲ ಪಿಎಸ್‌ಎಂಎ ಔಷಧಿ ದಿನವೂ ಇರುವುದಿಲ್ಲ. ಗ್ಯಾಲಿಯಂ-68ರ ಶಕ್ತಿ 68 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಫ್ಲೋರಿನ್-18ರದ್ದು 110 ನಿಮಿಷಕ್ಕೆ. ದಾಸ್ತಾನು ಮಾಡಿಡಲು ಆಗುವುದಿಲ್ಲ. ಹಾಗಾಗಿ ಕೆಲವು ಸೆಂಟರ್‌ಗಳು ವಾರದ ಇಂಥ ದಿನ ಎಂದು ಗೊತ್ತುಮಾಡಿ ನಾಲ್ಕಾರು ಜನರನ್ನು ಒಟ್ಟಿಗೆ ಕರೆಯುತ್ತವೆ. ನಿಮಗೆ ಕೊಟ್ಟ ಹೊತ್ತಿಗೆ ತಡವಾಗಿ ಹೋದರೆ ನಿಮ್ಮ ಪಾಲಿನ ಔಷಧಿಯ ಶಕ್ತಿ ಇಳಿದುಹೋಗುತ್ತದೆ. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಗದಗ, ಹುಬ್ಬಳ್ಳಿ ಒಂದೇ ರೈಲು ದಾರಿಯಲ್ಲಿವೆ. ಮೀರಜ್, ಬೆಳಗಾವಿ, ಹುಬ್ಬಳ್ಳಿ ಇನ್ನೊಂದರಲ್ಲಿ. ಬೆಳಗಿನ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ರಾತ್ರಿಯೇ ಆ ಊರು ಸೇರಿಕೊಳ್ಳುವುದು ಒಳ್ಳೆಯದು.

ಫೋನಿನಲ್ಲಿ ಕೇಳಬೇಕಾದ್ದು ಇಷ್ಟು. ಪಿಎಸ್‌ಎಂಎ ಮಾಡುತ್ತೀರಾ, ಯಾವ ದಿನ? ಗ್ಯಾಲಿಯಂ ಹಾಕುತ್ತೀರೋ ಫ್ಲೋರಿನ್ನೋ? ಒಟ್ಟು ಖರ್ಚು ಎಷ್ಟು, ಸಿಡಿ ಕೊಡುತ್ತೀರಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ನಡೆಯುತ್ತದೆಯೇ? ಬಿಪಿಎಲ್ ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಪ್ರತಿ ಸ್ಕ್ಯಾನ್ ಅದರಲ್ಲಿ ಸೇರುತ್ತದೆ ಎಂದುಕೊಂಡು ಹೊರಡಬೇಡಿ. ದವಾಖಾನೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ, ರೆಫರಲ್ ಕಾಗದ ಬೇಕಿದ್ದರೆ ಮೊದಲೇ ಮಾಡಿಸಿ. ಮಹಾರಾಷ್ಟ್ರದ ಕಡೆ ಹೋಗುವವರು ಗಡಿ ದಾಟುವ ಮುನ್ನವೇ ಇದನ್ನು ವಿಚಾರಿಸಲೇಬೇಕು. ಸಹಕಾರಿ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದ್ದರೆ ಅದನ್ನೂ ತೋರಿಸಿ.

ಹೆಜ್ಜೆ 6: ಸ್ಕ್ಯಾನ್ ದಿನ

ಪಿಎಸ್‌ಎಂಎಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಸಕ್ಕರೆ ಕಾಯಿಲೆ ಇದ್ದವರೂ ಹೆದರಬೇಕಿಲ್ಲ. ಆದರೂ ಆಯಾ ಸೆಂಟರಿನವರು ಹೇಳಿದ್ದನ್ನೇ ಪಾಲಿಸಿ. ನೀರು ಚೆನ್ನಾಗಿ ಕುಡಿಯಬೇಕು. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ತಾಸು ಕೂರಿಸುತ್ತಾರೆ. ಮೂತ್ರ ಮಾಡಿ ಬಂದು ಮಲಗಿದರೆ ಸ್ಕ್ಯಾನ್ ಅರ್ಧ ತಾಸಿನೊಳಗೆ ಮುಗಿಯುತ್ತದೆ.

ಮೂತ್ರಕೋಶ ಖಾಲಿಯಾಗಲಿ ಎಂದು ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಔಷಧಿ ಕೊಡುವುದುಂಟು. ಅದಾದ ಮೇಲೆ ಒಂದೆರಡು ತಾಸು ಪದೇ ಪದೇ ಒಂದಕ್ಕೆ ಬರುತ್ತದೆ. ಆಪರೇಷನ್ ನಂತರ ಹಿಡಿತ ಕಡಿಮೆಯಾದ ಹಿರಿಯರಿಗೆ ಇದು ದೊಡ್ಡ ಕಷ್ಟ. ತಕ್ಷಣ ಬಸ್ ಹತ್ತಿಸಬೇಡಿ. ಪ್ಯಾಡ್, ಒಂದು ಜೊತೆ ಬಟ್ಟೆ ಇಟ್ಟುಕೊಂಡಿರಿ. ಅವರ ಮಾನ ಉಳಿಯಬೇಕು, ಅಲ್ವಾ? ಬಸುರಿಯರು, ಕೂಸುಗಳಿಂದ ಆ ದಿನ ಸ್ವಲ್ಪ ದೂರ ಇರಬೇಕು. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸುವುದು ಮರುದಿನಕ್ಕಿರಲಿ.

ಬಣ್ಣದ ಔಷಧಿ, ಅಂದರೆ ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡುವುದಾದರೆ ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಬೇಕು. ಕಿಡ್ನಿ ದುರ್ಬಲ ಇದ್ದವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ ಕೆಲವು ದಿನ ನಿಲ್ಲಿಸಲು ಹೇಳಬಹುದು. ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿದ್ದರೆ ಮರೆಯದೆ ಹೇಳಿ.

ಹೆಜ್ಜೆ 7: ರಿಪೋರ್ಟ್ ಕೈಗೆ ಬಂದ ಮೇಲೆ

ಪಿಎಸ್‌ಎಂಎ ಚಿತ್ರ ನೋಡಿ ಮನೆಯವರು ಗಾಬರಿಯಾಗುತ್ತಾರೆ. ಮುಖ, ಹೊಟ್ಟೆ, ಎರಡೂ ಪಕ್ಕ ಎಲ್ಲ ಗಾಢವಾಗಿ ಕಾಣುತ್ತದೆ. ಎಲ್ಲ ಕಡೆ ಹರಡಿದೆ ಎಂದುಕೊಳ್ಳಬೇಡಿ. ಜೊಲ್ಲು ಗ್ರಂಥಿ, ಕಣ್ಣೀರಿನ ಗ್ರಂಥಿ, ಕಿಡ್ನಿ, ಲಿವರ್, ಸಣ್ಣ ಕರುಳಿನ ಮೇಲ್ಭಾಗ ಆರೋಗ್ಯವಂತರಲ್ಲೂ ಹೀಗೇ ಹೊಳೆಯುತ್ತವೆ.

ಪಕ್ಕೆಲುಬಿನಲ್ಲಿ ಒಂದೇ ಒಂದು ಮಸುಕು ಚುಕ್ಕೆ ಬಂದಿದ್ದರೆ ಅದು ಕ್ಯಾನ್ಸರ್ ಆಗಿರಲೇಬೇಕೆಂದಿಲ್ಲ. ಫ್ಲೋರಿನ್ ಪಿಎಸ್‌ಎಂಎ-1007 ಔಷಧಿಯಲ್ಲಿ ಇಂಥ ಸುಳ್ಳು ಚುಕ್ಕೆಗಳು ಜಾಸ್ತಿ. ವಾಸಿಯಾಗುತ್ತಿರುವ ಮೂಳೆ ಮುರಿತ, ಕ್ಷಯದ ಗಂಟು ಕೂಡ ಪಿಎಸ್‌ಎಂಎ ಹೀರಬಲ್ಲವು. ಹಿಂದೆ ಟಿಬಿ ಆಗಿದ್ದರೆ, ಬೈಕ್ ಮೇಲಿಂದ ಬಿದ್ದಿದ್ದರೆ ಅದನ್ನು ಸ್ಕ್ಯಾನ್ ಫಾರ್ಮಿನಲ್ಲೇ ಬರೆಸಿ. ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಪಿಎಸ್‌ಎಂಎ ತೋರಿಸುವುದೇ ಇಲ್ಲ ಎನ್ನುವುದೂ ನಿಜ. ಹಾಗಾಗಿ ಚಿಕಿತ್ಸೆಯ ದಾರಿಯನ್ನೇ ಬದಲಿಸುವ ಚುಕ್ಕೆ ಇದ್ದರೆ ಎಂಆರ್‌ಐ ಅಥವಾ ಬಯಾಪ್ಸಿ ಬೇಕೇ ಎಂದು ಡಾಕ್ಟರನ್ನು ಕೇಳಿ. ಕರೆಂಟ್ ಕೊಟ್ಟ ಗ್ರಂಥಿಗೇ ಮತ್ತೆ ಆಪರೇಷನ್‌ನಂಥ ಚಿಕಿತ್ಸೆ ಯೋಚಿಸುತ್ತಿದ್ದರೆ ಬಯಾಪ್ಸಿ ಮೊದಲು ಆಗಲೇಬೇಕು.

ಹೆಜ್ಜೆ 8: ಮೂತ್ರದ ತೊಂದರೆಗೆ ಬೇರೆಯೇ ದಾರಿ

ಪಿಎಸ್‌ಎ ಏರಿದಾಗಲೇ ಮೂತ್ರದ ತೊಂದರೆಯೂ ಶುರುವಾದರೆ ಎರಡನ್ನೂ ಕ್ಯಾನ್ಸರ್ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಬಹಳ ಸಲ ಮೂತ್ರದ ತೊಂದರೆಗೆ ಕಾರಣ ಹಳೆಯ ಚಿಕಿತ್ಸೆಯ ಗಾಯವಾಗಿರುತ್ತದೆ. ಅದಕ್ಕೆ ಪರಿಹಾರವೂ ಇರುತ್ತದೆ.

ಧಾರೆ ದಿನೇ ದಿನೇ ಸಣ್ಣದಾಗುತ್ತಿದ್ದರೆ ಮೊದಲು ಸೋನೋಗ್ರಫಿ. ಮೂತ್ರಕೋಶ ತುಂಬಿಸಿಕೊಂಡು ಹೋಗಿ. ಒಮ್ಮೆ ನೋಡಿ, ಮೂತ್ರ ಮಾಡಿ ಬಂದ ಮೇಲೆ ಇನ್ನೊಮ್ಮೆ ನೋಡಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಉಳಿದದ್ದು 50 ಮಿಲಿಲೀಟರಿನ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 200 ದಾಟಿದರೆ ಕಾರಣ ಹುಡುಕಲೇಬೇಕು. ಎರಡನೇ ಅಳತೆ ಮಾಡದೆ ಕಳಿಸಿದರೆ ನೀವೇ ಕೇಳಿ. ಮೂತ್ರಕೋಶ ಬಿಗಿಯಾಗಿ ತುಂಬಿದಾಗ ಕಿಡ್ನಿ ಸ್ವಲ್ಪ ಊದಿದಂತೆ ಕಾಣುತ್ತದೆ. ಖಾಲಿಯಾದ ಮೇಲೂ ಊತ ಹಾಗೇ ಇದೆಯೇ ಎನ್ನುವುದು ಮುಖ್ಯ.

ಗ್ರಂಥಿ ತೆಗೆದು ಮೂತ್ರಕೋಶವನ್ನು ಮೂತ್ರ ಹೊರಬರುವ ದಾರಿಗೆ ಸೇರಿಸಿ ಹೊಲಿದ ಜಾಗ ಗಾಯ ಮಾಗುವಾಗ ಬಿಗಿದುಕೊಳ್ಳಬಹುದು. ಅದು ಎಲ್ಲಿ, ಎಷ್ಟು ಉದ್ದ ಎಂದು ತಿಳಿಯಲು ಆರ್‌ಜಿಯು ಮತ್ತು ಎಂಸಿಯು ಎಂಬ ಎಕ್ಸ್‌ರೇ ಪರೀಕ್ಷೆಗಳಿವೆ. ಮೂತ್ರದ ದಾರಿಯಿಂದ ಕಾಂಟ್ರಾಸ್ಟ್ ಬಿಟ್ಟು ಚಿತ್ರ ತೆಗೆಯುತ್ತಾರೆ. ಆಮೇಲೆ ಮೂತ್ರ ಮಾಡಿಸುತ್ತಾ ಇನ್ನೊಮ್ಮೆ ತೆಗೆಯುತ್ತಾರೆ. ಜನರೆದುರು ಮೂತ್ರ ಮಾಡಲು ಹಿರಿಯರು ನಾಚುತ್ತಾರೆ, ಸಹಜ. ಹೀಗೆ ಮಾಡಬೇಕಾಗುತ್ತದೆ ಎಂದು ಮೊದಲೇ ಹೇಳಿ ಕರೆದೊಯ್ಯಿರಿ. ಮೂತ್ರದಲ್ಲಿ ಸೋಂಕು ಇದ್ದರೆ ಅದನ್ನು ವಾಸಿ ಮಾಡಿಕೊಂಡೇ ಈ ಪರೀಕ್ಷೆಗೆ ಹೋಗಬೇಕು. ಇಲ್ಲದಿದ್ದರೆ ಸೋಂಕು ರಕ್ತಕ್ಕೆ ಏರುವ ಅಪಾಯ ಇದೆ.

ಕಿಡ್ನಿ ಊದಿದ್ದರೆ ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಮೊದಲ ಕೆಲಸ. ನಮ್ಮ ಬಿಸಿಲ ನಾಡಿನಲ್ಲಿ ಹರಳು ಹೊಸದೇನಲ್ಲ, ಕ್ಯಾನ್ಸರ್ ಆದವರಿಗೂ ಹರಳು ಆಗುತ್ತದೆ. ಹರಳು ಇಲ್ಲದಿದ್ದರೆ ಊದಿದ ಗಂಟು ಕಿಡ್ನಿಯಿಂದ ಮೂತ್ರ ತರುವ ನಾಳವನ್ನು ಒತ್ತುತ್ತಿದೆಯೇ, ಕರೆಂಟಿನಿಂದ ನಾಳ ಸುಕ್ಕುಗಟ್ಟಿದೆಯೇ ಎಂದು ಕಾಂಟ್ರಾಸ್ಟ್ ಹಾಕಿ ನೋಡುತ್ತಾರೆ. ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ತಡೆ ನಿಜವಾದದ್ದೇ ಎಂದು ತಿಳಿಯಲು ಡಿಟಿಪಿಎ ಅಥವಾ ಇಸಿ ರೀನಲ್ ಸ್ಕ್ಯಾನ್ ಮಾಡಿಸುತ್ತಾರೆ. ನೋವಿಲ್ಲದೆಯೂ ಕಿಡ್ನಿ ಹಾಳಾಗಬಹುದು. ಹಾಗಾಗಿ ನೋವಿಲ್ಲ ಎಂದು ಇದನ್ನು ಮುಂದೂಡಬೇಡಿ.

ಕರೆಂಟ್ ಕೊಟ್ಟು ವರ್ಷಗಳಾದ ಮೇಲೆ ಮೂತ್ರದಲ್ಲಿ ರಕ್ತ ಬರಬಹುದು. ಮೂತ್ರಕೋಶದ ಒಳಪದರ ಸುಟ್ಟಂತಾಗಿ ಹೀಗಾಗುತ್ತದೆ. ಆದರೆ ಮೂತ್ರಕೋಶದ್ದೇ ಬೇರೆ ಕ್ಯಾನ್ಸರ್ ಇರಬಹುದಾದ್ದರಿಂದ ಸಿಟಿ ಯೂರೋಗ್ರಾಂ (ಕಾಂಟ್ರಾಸ್ಟ್ ಹಾಕಿ ಇಡೀ ಮೂತ್ರದ ದಾರಿ ನೋಡುವ ಸಿಟಿ) ಮತ್ತು ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆ, ಎರಡೂ ಆಗಬೇಕು. ಒಂದು ಸಲ ಬಂದು ನಿಂತ ರಕ್ತಕ್ಕೂ ಇದೇ ನಿಯಮ. ಅಂಗಡಿಯಿಂದ ಗುಳಿಗೆ ತಂದು ನುಂಗಿ ಮರೆತುಬಿಡುವುದು ಬೇಡ.

ಆಪರೇಷನ್ ಆದ ಕೆಲವು ವಾರಗಳಲ್ಲಿ ಒಂದೇ ಕಾಲು ಊದಿದರೆ ಅದೇ ದಿನ ಕಾಲಿನ ಡಾಪ್ಲರ್ (ರಕ್ತದ ಹರಿವು ನೋಡುವ ಸೋನೋಗ್ರಫಿ) ಮತ್ತು ಸೊಂಟದ ಸೋನೋಗ್ರಫಿ ಮಾಡಿಸಿ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ದುಗ್ಧ ಗ್ರಂಥಿ ತೆಗೆದ ಜಾಗದಲ್ಲಿ ನೀರು ತುಂಬಿ ಒತ್ತುತ್ತಿರಲೂಬಹುದು. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮೂತ್ರದಲ್ಲಿ ಗಾಳಿಗುಳ್ಳೆ ಬಂದರೆ, ಸಂಡಾಸದ ದಾರಿಯಲ್ಲಿ ಮೂತ್ರ ಬಂದರೆ ಎರಡರ ನಡುವೆ ತೂತಾಗಿರಬಹುದು. ಇದನ್ನು ಹೇಳಿಕೊಳ್ಳಲು ಹಿರಿಯರಿಗೆ ಬಹಳ ಸಂಕೋಚ. ಸಿಟಿ ಸಿಸ್ಟೋಗ್ರಾಂ (ಮೂತ್ರಕೋಶಕ್ಕೆ ಕಾಂಟ್ರಾಸ್ಟ್ ತುಂಬಿ ಮಾಡುವ ಸಿಟಿ) ಅಥವಾ ಎಂಆರ್‌ಐಯಲ್ಲಿ ಇದು ಕಾಣುತ್ತದೆ, ಸರಿಪಡಿಸುವ ಆಪರೇಷನ್ನೂ ಇದೆ. ಮೂತ್ರದ ಪೈಪ್ ಹಾಕಿಸಿಕೊಂಡಿರುವವರು ಯಾವುದೇ ಸ್ಕ್ಯಾನ್‌ಗೆ ಹೋದರೂ ಪೈಪ್ ಹಾಕಿದ ತಾರೀಖು, ಬದಲಿಸಿದ ತಾರೀಖು ಬರೆದುಕೊಂಡು ಹೋಗಿ. ಸ್ಕ್ಯಾನ್ ವೇಳೆ ಪೈಪ್ ತೆರೆದಿಡಬೇಕೋ ಮುಚ್ಚಬೇಕೋ ಎಂದು ಟೆಕ್ನಿಷಿಯನ್ ಹತ್ತಿರ ಕೇಳಿ. ಮುಗಿದ ಮೇಲೆ ಮತ್ತೆ ತೆರೆದಿದ್ದಾರೆಯೇ, ಚೀಲಕ್ಕೆ ಮೂತ್ರ ಇಳಿಯುತ್ತಿದೆಯೇ ಎಂದು ನೋಡಿಕೊಂಡೇ ಅಲ್ಲಿಂದ ಹೊರಡಿ.